‘ಮಾಡ್’ ಹಾಕುವುದೋ, ಕಟ್ಟುವುದೋ? ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆಟಗಳಿಗೆ ಸೇರಿಸುವ ‘ಮಾಡ್’ಗೆ (ಇಂಗ್ಲಿಷಿನ mod) ಕನ್ನಡದಲ್ಲಿ ಏನನ್ನಬಹುದು ಅಂತ ಕೇಳಲು ಬರೆಯುತ್ತಿದ್ದೇನೆ. ಆಟ ಆಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ತಯಾರಿಸಿದವರು ಆಟವನ್ನು ಒಂದು ರೂಪದಲ್ಲಿ ಕೊಟ್ಟಿರುತ್ತಾರೆ. ಅದನ್ನು ಆಡಿ ಇಷ್ಟಪಟ್ಟ ಯಾರೋ ಹೊಸ ಬೆಳೆ, ಹೊಸ ಮನೆ, ಹೊಸ ಪಾತ್ರ, ಕೆಲವೊಮ್ಮೆ ಹೊಸ ನಿಯಮವನ್ನೇ ಬರೆದು ಉಳಿದವರಿಗೂ ಹಂಚುತ್ತಾರೆ. ಹಾಗೆ ಹೊರಗಿನಿಂದ ಬಂದು ಆಟಕ್ಕೆ ಸೇರುವ ತುಣುಕು ಮಾಡ್.

ಪ್ರಶ್ನೆ ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ದಸರಾ ರಜೆಯಲ್ಲಿ. ಅಕ್ಕನ ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಸ್ಟಾರ್‌ಡ್ಯೂ ವ್ಯಾಲಿ ಅಂತ ಬೇಸಾಯದ ಆಟ ಇದೆ, 2016ರಲ್ಲಿ ಬಂದದ್ದು. ಅದಕ್ಕೆ ಮೊದಲ ಸಲ ಮಾಡ್ ಹಾಕಬೇಕು ಅಂತ ಅವನಿಗೆ ಆಸೆ. ಹೇಗೆ ಹಾಕಬೇಕು ಅನ್ನುವ ವಿವರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಇಬ್ಬರೂ ಕೂತು ಓದಿ, ಎರಡು ಸಂಜೆ ಹೆಣಗಾಡಿ, ಕೊನೆಗೆ ಕೆಲಸ ಆಯಿತು. ಆಮೇಲೆ ಅವನು ಕೇಳಿದ: ‘ಮಾವ, ಇದನ್ನ ಕನ್ನಡದಲ್ಲಿ ಬರ್ಕೊಡು. ನಮ್ಮ ಕ್ಲಾಸಿನವ್ರಿಗೂ ಕೊಡ್ತೀನಿ.’ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ನಿಂತುಹೋಯಿತು.

‘ಮಾಡ್ ಇನ್‌ಸ್ಟಾಲ್ ಮಾಡುವುದು ಹೇಗೆ?’ ಅಂತ ಬರೆದೆ. ಜೋರಾಗಿ ಓದಿ ನೋಡಿ. ಒಂದೇ ವಾಕ್ಯದಲ್ಲಿ ಎರಡು ‘ಮಾಡ್’. ಕಾಫಿ, ಡಾಕ್ಟರ್, ಕಾಲೇಜು ಅನ್ನುವಾಗ ಇಂಗ್ಲಿಷಿನ ಆ ಸ್ವರವನ್ನು ನಾವು ‘ಆ’ ಅಂತಲೇ ತಂದುಕೊಂಡಿದ್ದೇವೆ. ಆ ಲೆಕ್ಕದಲ್ಲಿ ‘ಮಾಡ್’ ಸರಿಯಾದ ಬರಹವೇ. ಆದರೆ ನಮ್ಮ ಭಾಷೆಯಲ್ಲಿ ದಿನವೂ ಬಳಸುವ ಕ್ರಿಯಾಪದಕ್ಕೇ ಅದು ಹೋಗಿ ಢಿಕ್ಕಿ ಹೊಡೆಯುತ್ತದೆ. ‘ಮೋಡ್’ ಅಂತ ಬರೆದರೆ ಫೋನಿನ ಸೈಲೆಂಟ್ ಮೋಡ್ ನೆನಪಾಗುತ್ತದೆ. ‘ಮೊಡ್’ ಅಂತ ಯಾರ ಬಾಯಲ್ಲೂ ಕೇಳಿಲ್ಲ.

ಮಲೆನಾಡಿನಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಕಡೆ ಮಾಡು ಅಂದರೆ ಮನೆಯ ಹಂಚಿನ ಚಾವಣಿ. ಕರಾವಳಿಯಲ್ಲೂ ಹಾಗೇ. ‘ಇವತ್ತು ಮಾಡ್ ಹಾಕಿ ಮುಗಿಸೋಣ’ ಅಂತ ಹುಡುಗನಿಗೆ ಹೇಳಿದ್ದು ಒಳಗಿದ್ದ ಅಮ್ಮನಿಗೆ ಕೇಳಿತು. ‘ಯಾವ ಮಾಡು ಮಾರಾಯ? ಕೊಟ್ಟಿಗೇದಾ? ಸೋರ್ತಾ ಇತ್ತಾ?’ ಅಂತ ಕೈ ಒರೆಸಿಕೊಳ್ಳುತ್ತಾ ಹೊರಗೇ ಬಂದರು. ಹಳಗನ್ನಡದ ‘ಮಾಡ’ ಅಂದರೆ ಉಪ್ಪರಿಗೆ ಮನೆ. ‘ಕರುಮಾಡ’ ಅನ್ನುವ ಮಾತನ್ನು ಹಳೆಯ ಕಾವ್ಯ ಓದಿದವರು ಬಲ್ಲರು. ಕೆಲವು ಕಡೆ ದೀಪ ಇಡುವ ಗೋಡೆಯ ಗೂಡಿಗೂ ಮಾಡ ಅನ್ನುತ್ತಾರೆ. ಇಷ್ಟೊಂದು ಮಾಡುಗಳ ನಡುವೆ ಈ ಹೊಸ ಮಾಡ್‌ಗೆ ಜಾಗ ಎಲ್ಲಿದೆ ಹೇಳಿ.

‘ಮಾರ್ಪಾಡು’ ಅನ್ನಬಹುದಲ್ವಾ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪದ, ಅರ್ಥವೂ ಕೂಡುತ್ತದೆ. ಆದರೆ ಮಾರ್ಪಾಡು ಅಂದರೆ ಬದಲಾದ ಸ್ಥಿತಿ. ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ಕೊಡುವ ವಸ್ತು ಅಲ್ಲ. ‘ನಿನ್ನ ಹತ್ರ ಎಷ್ಟು ಮಾರ್ಪಾಡು ಇದೆ?’ ಅಂತ ಹುಡುಗರು ಕೇಳಿಕೊಳ್ಳಲ್ಲ. ‘ತೇಪೆ’ ಅಂದರೆ ಹರಿದದ್ದನ್ನು ಮುಚ್ಚಿದ ಹಾಗೆ. ಆಟ ತಯಾರಿಸಿದವರೇ ದೋಷ ಸರಿಪಡಿಸಿ ಕಳಿಸುತ್ತಾರಲ್ಲ, ಅದಕ್ಕೆ ತೇಪೆ ಚೆನ್ನಾಗಿ ಹೊಂದುತ್ತದೆ. ಮಾಡ್‌ಗೆ ಬೇಡ.

ನನಗೆ ಹೊಳೆದದ್ದು ‘ಕಸಿ’. ಹೊಳೆದದ್ದು ತೋಟದಲ್ಲಿ. ಕಾಳುಮೆಣಸಿಗೆ ಸೊರಗು ರೋಗ ಬಂದು ಬಳ್ಳಿ ಹೋಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಷ್ಟ. ಅದಕ್ಕೆ ಕೆಲವರು ಬ್ರೆಜಿಲ್ ಕಡೆಯ ಹಿಪ್ಪಲಿ ಗಿಡವನ್ನು ಬುಡಕ್ಕೆ ಇಟ್ಟುಕೊಂಡು, ಅದರ ಮೇಲೆ ನಮ್ಮ ಮೆಣಸಿನ ಕುಡಿ ಕಸಿ ಕಟ್ಟುತ್ತಾರೆ. ಬುಡದ ಕಾಂಡವನ್ನು ಅಡ್ಡ ಕತ್ತರಿಸಿ ನಡುವೆ ಸಣ್ಣ ಸೀಳು ಕೊಡುತ್ತಾರೆ. ಕುಡಿಯ ತುದಿಯನ್ನು ಎರಡೂ ಬದಿ ಕೆತ್ತಿ ಬೆಣೆಯ ಹಾಗೆ ಮಾಡಿ ಆ ಸೀಳಿನಲ್ಲಿ ಕೂರಿಸುತ್ತಾರೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ಬೇರು ಹಿಪ್ಪಲಿಯದ್ದು, ಕಾಳು ಮೆಣಸಿನದ್ದು. ಮಾಡ್‌ನ ಕಥೆಯೂ ಇದೇ. ಬುಡ ತಯಾರಕರದ್ದು, ಕುಡಿ ಇನ್ಯಾರದ್ದೋ.

ಈ ಹೋಲಿಕೆ ಸುಮ್ನೆ ಚೆಂದಕ್ಕೆ ಹೇಳಿದ್ದಲ್ಲ, ಕೆಲಸದಲ್ಲೂ ನಿಲ್ಲುತ್ತದೆ. ಸ್ಟಾರ್‌ಡ್ಯೂ ವ್ಯಾಲಿಗೆ 2024ರ ಮಾರ್ಚ್‌ನಲ್ಲಿ 1.6 ಅಪ್‌ಡೇಟ್ ಬಂದಾಗ, ಹಳೆಯ ಆಟಕ್ಕೆ ಬರೆದ ಎಷ್ಟೋ ಮಾಡ್‌ಗಳು ನಿಂತುಹೋದವು. ನಾವು ತಂದ ಒಂದೂ ಹಾಗೇ ಆಯಿತು. ಆಟದ ಜೊತೆ ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ ದೋಷ ತಿಳಿಸುವ ಕೆಂಪು ಅಕ್ಷರ ಬಂತು. ಹುಡುಗನಿಗೆ ‘ಕಸಿ ಹಿಡಿಲಿಲ್ಲ ಕಣೋ, ಬುಡ ಬದಲಾಗಿದೆ’ ಅಂದೆ. ತಕ್ಷಣ ಅರ್ಥವಾಯಿತು. ಇನ್ನು ನನ್ನ ಕಾಲೇಜಿನ ದಿನಗಳಲ್ಲಿ ಶಿವಮೊಗ್ಗದ ಸೈಬರ್ ಸೆಂಟರುಗಳಲ್ಲಿ ಗಂಟೆಗಟ್ಟಲೆ ಆಡುತ್ತಿದ್ದ ಕೌಂಟರ್ ಸ್ಟ್ರೈಕ್ ಇದೆಯಲ್ಲ, ಅದು ಮೊದಲು 1999ರಲ್ಲಿ ಹಾಫ್ ಲೈಫ್ ಆಟದ ಮಾಡ್ ಆಗಿಯೇ ಹುಟ್ಟಿದ್ದು. ಬುಡದ ಹೆಸರು ಗೊತ್ತಿಲ್ಲದೆ ನಾವೆಲ್ಲ ಹಣ್ಣು ತಿಂದೆವು.

ಕಸಿ ತೋಟ ಬಿಟ್ಟು ಹೊರಗೆ ಬಂದದ್ದು ಇದೇ ಮೊದಲೂ ಅಲ್ಲ. ‘ಕಿಡ್ನಿ ಕಸಿ’ ಅಂತ ಪತ್ರಿಕೆಗಳು ಬರೆಯುತ್ತವೆ, ಯಾರಿಗೂ ವಿಚಿತ್ರ ಅನಿಸಲ್ಲ. ಆಸ್ಪತ್ರೆಗೆ ಹೋದ ಪದ ಕಂಪ್ಯೂಟರಿಗೂ ಬರಬಹುದು.

ಆದರೆ ಒಂದು ಅನುಮಾನ ಉಳಿದಿದೆ, ಮುಖ್ಯವಾಗಿ ಅದನ್ನೇ ಕೇಳಬೇಕಿತ್ತು. ಗಿಡದ ಕಸಿಯನ್ನು ಬಿಚ್ಚಿ ತೆಗೆಯಲು ಆಗಲ್ಲ. ಮಾಡ್ ಅನ್ನು ತೆಗೆಯಬಹುದು. ಅದರಲ್ಲೂ ಬರೀ ಬಣ್ಣ, ಬಟ್ಟೆ, ರೂಪ ಬದಲಿಸುವ ಮಾಡ್‌ಗಳಿಗೆ ಕಸಿ ಭಾರವಾಯಿತು ಅನಿಸುತ್ತದೆ. ಅವಕ್ಕೆ ‘ವೇಷ’ ಸಾಕಲ್ವಾ? ಹುಡುಗನ ಗೆಳೆಯನೊಬ್ಬ ಯೂರೋ ಟ್ರಕ್ ಸಿಮ್ಯುಲೇಟರ್ ಆಟದ ಬಸ್ಸಿಗೆ ನಮ್ಮ ಕೆಂಪು ಬಸ್ಸಿನ ಬಣ್ಣ ಹಾಕಿಕೊಂಡಿದ್ದಾನೆ. ಅದು ವೇಷವೇ. ಒಳಗಿರುವ ಬಸ್ಸು ಅದೇ.

ಇಲ್ಲಿ ನನಗೊಂದು ಖುಷಿಯ ಸಂಗತಿ ಕಂಡಿತು. ಕಸಿಗೂ ನಾವು ‘ಕಟ್ಟು’ ಅನ್ನುತ್ತೇವೆ, ವೇಷಕ್ಕೂ ‘ಕಟ್ಟು’ ಅನ್ನುತ್ತೇವೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಳೆ ರೋಗ ಬರದಿರಲಿ ಅಂತ ಕೊಟ್ಟೆ (ಗೊನೆ ಮುಚ್ಚುವ ಹೊದಿಕೆ) ಕಟ್ಟುತ್ತೇವೆ, ಮಳೆ ಮುಗಿದ ಮೇಲೆ ಬಿಚ್ಚುತ್ತೇವೆ. ಇದ್ದದ್ದಕ್ಕೆ ಇನ್ನೊಂದನ್ನು ಸೇರಿಸಿ ನಿಲ್ಲಿಸುವುದಕ್ಕೆ ಕನ್ನಡದಲ್ಲಿ ಇರುವ ಕ್ರಿಯಾಪದವೇ ಕಟ್ಟು. ಅದರ ಜೊತೆಗೇ ಬಿಚ್ಚು ಕೂಡ ಸಿಗುತ್ತದೆ. ತಂತ್ರಾಂಶಗಳ ಕನ್ನಡದಲ್ಲಿ ‘ಅನುಸ್ಥಾಪಿಸು’ ಅಂತ ಓದಿದ್ದೇನೆ. ಅದನ್ನು ಎಂಟನೇ ಕ್ಲಾಸಿನ ಹುಡುಗ ಬಾಯಿಬಿಟ್ಟು ಹೇಳಿದ್ದು ನಾನಂತೂ ಕೇಳಿಲ್ಲ. ‘ಹಾಕು’ ಎಲ್ಲರ ಬಾಯಲ್ಲೂ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫೋಲ್ಡರಿಗೆ ಹಾಕುವುದು ಬೇರೆ, ಆಟಕ್ಕೆ ಕೂಡಿಸುವುದು ಬೇರೆ. ಈ ವ್ಯತ್ಯಾಸ ಗೊತ್ತಾಗದೇ ನಮ್ಮ ಮೊದಲ ಸಂಜೆ ಹಾಳಾಯಿತು. ಇಳಿಸಿಕೊಂಡ ಜಿಪ್ ಕಡತವನ್ನು (ಹಲವು ಫೈಲುಗಳನ್ನು ಒಟ್ಟಿಗೆ ಒತ್ತಿ ಕಟ್ಟಿದ ಗಂಟು) ಹಾಗೇ ‘ಮಾಡ್ಸ್’ ಫೋಲ್ಡರಿನೊಳಗೆ ಹಾಕಿದ್ದೆವು. ಹಾಕಿದ್ದು ನಿಜ. ಆಟದಲ್ಲಿ ಏನೂ ಬದಲಾಗಲಿಲ್ಲ. ಜಿಪ್ ಬಿಚ್ಚಬೇಕಿತ್ತು.

ಉಳಿದ ಪದಗಳನ್ನು ಬೇಗ ಹೇಳುತ್ತೇನೆ. ಆಡಿ ಉಳಿಸಿದ ಆಟದ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದಕ್ಕೆ ‘ಎತ್ತಿಡು’ ಅಂತ ಬರೆದಿದ್ದೇನೆ. ಒಂದು ಮಾಡ್ ನಡೆಯಲು ಇನ್ನೊಂದು ಇರಲೇಬೇಕಾದರೆ ಆ ಇನ್ನೊಂದಕ್ಕೆ ‘ಆಸರೆ’, ಮೆಣಸಿನ ಬಳ್ಳಿಗೆ ಮರ ಇದ್ದ ಹಾಗೆ. ಫೈಲಿಗೆ ‘ಕಡತ’ ಬಿಡಬಾರದು ಅಂತ ನನ್ನ ಆಸೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದದ್ದು ಕಡತ. ಶೃಂಗೇರಿ ಮಠದಲ್ಲಿ ಅಂಥವು ಇವೆ. ಅಳಿಸಿ ಮತ್ತೆ ಬರೆಯಬಹುದು ಅನ್ನುವುದೇ ಅದರ ಗುಣ. ಕಂಪ್ಯೂಟರಿನ ಕಡತದ ಗುಣವೂ ಅದೇ ಅಲ್ವಾ?

ಒಂದಕ್ಕೆ ಮಾತ್ರ ಪದ ಸಿಕ್ಕಿಲ್ಲ. ಎರಡು ಮಾಡ್‌ಗಳು ಒಂದೇ ವಸ್ತುವನ್ನು ಬದಲಿಸಲು ಹೊರಟರೆ ಒಂದು ಗೆಲ್ಲುತ್ತದೆ, ಇನ್ನೊಂದು ಮರೆಯಾಗುತ್ತದೆ. ಯೂರೋ ಟ್ರಕ್‌ನಲ್ಲಿ ಮಾಡ್‌ಗಳ ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ಇದನ್ನು ವಿವರಿಸಲು ಹುಡುಗನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮನೆಯ ಮಾಡನ್ನೇ ತೋರಿಸಿದೆ. ಹಂಚು ಹೊದಿಸುವಾಗ ಸೂರಿನ ಕಡೆಯಿಂದ ಮೇಲಕ್ಕೆ ಹೋಗುತ್ತಾರೆ. ಮೇಲಿನ ಸಾಲಿನ ಅಂಚು ಕೆಳಗಿನ ಸಾಲಿನ ಮೇಲೆ ಕೂರುತ್ತದೆ. ಮುಚ್ಚಿದ ಭಾಗ ಹೋಗಿಲ್ಲ, ಕಾಣಲ್ಲ ಅಷ್ಟೇ. ಹೀಗೆ ಒಂದರ ಮೇಲೊಂದು ಕೂರುವುದಕ್ಕೆ ಹಂಚು ಹೊದಿಸುವವರಲ್ಲಿ ಒಂದು ಪದ ಇರಲೇಬೇಕು. ನಿಮ್ಮ ಊರಿನಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ. ‘ಮುಚ್ಚು’, ‘ಹೊದೆ’ ಎರಡೂ ಪೂರ್ತಿ ಹೊಂದುತ್ತಿಲ್ಲ.

ಸದ್ಯಕ್ಕೆ ನಾನು ಬರೆದಿರುವ ಸಾಲುಗಳು ಹೀಗಿವೆ:

‘ಮೊದಲು ನೀವು ಆಡಿ ಉಳಿಸಿದ ಆಟದ ಒಂದು ಪ್ರತಿ ಎತ್ತಿಡಿ. ಕಸಿಯ ಜಿಪ್ ಬಿಚ್ಚಿ. ಒಳಗೆ ಸಿಗುವ ಫೋಲ್ಡರನ್ನು ಮಾಡ್ಸ್ ಫೋಲ್ಡರಿಗೆ ಹಾಕಿ. ಇದಕ್ಕೆ ಆಸರೆ ಬೇಕಾ ನೋಡಿ, ಬೇಕಿದ್ದರೆ ಅದನ್ನೂ ತಂದು ಹಾಕಿ. ಒಂದೊಂದೇ ಕಸಿ ಕಟ್ಟಿ, ಪ್ರತಿ ಸಲ ಆಟ ತೆರೆದು ಹಿಡಿದಿದೆಯಾ ನೋಡಿ. ಬೇಡವಾದರೆ ಆಟ ಮುಚ್ಚಿ, ಫೋಲ್ಡರನ್ನು ಹೊರಗೆ ತೆಗೆಯಿರಿ.’

ಧಾರವಾಡ, ಮೈಸೂರು, ಕಲಬುರಗಿ ಕಡೆಯವರು ಇದನ್ನು ನಿಮ್ಮ ಮನೆಯ ಮಕ್ಕಳಿಗೆ ಓದಿ ಹೇಳಿ ನೋಡುತ್ತೀರಾ? ತೋಟ ನೋಡದ ಮಕ್ಕಳಿಗೆ ಕಸಿ ಅಂದರೆ ಥಟ್ಟನೆ ಹೊಳೆಯುತ್ತದೋ ಇಲ್ಲವೋ, ಅದು ಗೊತ್ತಾಗಬೇಕು. ಎಲ್ಲಿ ತಡವರಿಸಿದರು ಅಂತ ಬರೆದರೆ ಆ ಸಾಲು ತಿದ್ದಿಕೊಂಡು ಹುಡುಗನ ಕೈಗೆ ಕೊಡುತ್ತೇನೆ.