ಟೂರಿಂಗ್ ಬೈಕಿಗೆ ಸ್ಟೀರಿಂಗ್ ಡ್ಯಾಂಪರ್ ಬೇಕಾ? 60ರಲ್ಲಿ ಹ್ಯಾಂಡಲ್ ನಡುಕ, 100ರಲ್ಲಿ ಹಿಂಭಾಗದ ತೂರಾಟ

ಅಲೆಮಾರಿ_17:

ಬೈಕಿನ ಹೆಸರು ಬರೆದರೆ ಇಡೀ ಚರ್ಚೆ ಕಂಪನಿ ಜಗಳ ಆಗುತ್ತೆ, ಹಾಗಾಗಿ ಅಂಕಿ ಮಾತ್ರ ಕೊಡ್ತೀನಿ. 400 ಸಿಸಿ ಸಿಂಗಲ್ ಸಿಲಿಂಡರ್ ಅಡ್ವೆಂಚರ್ ಟೂರರ್, ಟ್ಯಾಂಕ್ ತುಂಬಿದಾಗ ಸುಮಾರು 200 ಕೆಜಿ. ಸ್ಪೋಕ್ ವೀಲ್, ಮುಂದೆ 90/90-21, ಹಿಂದೆ 120/90-17. ಹಿಂದಿನ ಸಸ್ಪೆನ್ಷನ್ ಟ್ರಾವೆಲ್ (ಮೇಲೆ ಕೆಳಗೆ ಆಡೋ ದೂರ) 180 ಮಿ.ಮೀ. ಓಡಿರೋದು 38,000 ಕಿ.ಮೀ. ಮುಂದಿನ ಟೈರ್ 14,000 ಓಡಿದೆ, ಹಿಂದಿನದು ಹೊಸ ಬಟನ್ ಟೈರ್. ಎರಡು ಕಡೆ ಅಲ್ಯೂಮಿನಿಯಂ ಪ್ಯಾನಿಯರ್ (ಪಕ್ಕದ ಲಗೇಜ್ ಡಬ್ಬಿ), ಹಿಂದೆ ಟಾಪ್ ಬಾಕ್ಸ್, ಇಬ್ಬರು ಕೂರ್ತೀವಿ.

ತೊಂದರೆ ಎರಡು. ಆಕ್ಸಿಲರೇಟರ್ ಬಿಟ್ಟು ವೇಗ 70ರಿಂದ 55ಕ್ಕೆ ಇಳಿಯುವಾಗ ಕೈ ಹಗುರ ಮಾಡಿದರೆ ಹ್ಯಾಂಡಲ್ ಪಟಪಟ ಅಂತ ಎಡಬಲಕ್ಕೆ ನಡುಗುತ್ತೆ, ಹಿಡಿದ ತಕ್ಷಣ ನಿಲ್ಲುತ್ತೆ. ಇನ್ನೊಂದು, ಲಗೇಜ್ ಇದ್ದಾಗ 100 ದಾಟಿದರೆ, ಅದರಲ್ಲೂ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರದ ಹೈವೇಲಿ ಅಡ್ಡಗಾಳಿ ಹೊಡೆದಾಗ, ಇಡೀ ಬೈಕ್ ನಿಧಾನಕ್ಕೆ ಹಾವಿನ ಥರ ತೂರಾಡುತ್ತೆ.

ಆಕ್ಸೆಸರಿ ಅಂಗಡಿಯಲ್ಲಿ ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಜೋರಾಗಿ ಅಲುಗದ ಹಾಗೆ ತಡೆಯೋ ಸಾಧನ) ಒಂದೇ ಮದ್ದು ಅಂತಾರೆ. ಮುಂದಿನ ತಿಂಗಳು ಹಿಮಾಚಲದ ಸ್ಪಿತಿಗೆ ಹೊರಡೋದಿದೆ. ಹಾಕಿಸಲಾ?

ಕೋನ್‌ಸೆಟ್_ಕುಡ್ಲ:

ಈಗಲೇ ಬೇಡ ಮಾರಾಯ್ರೆ. ನಿಮ್ಮ ಬೈಕಿನಲ್ಲಿ ಇರುವುದು ಎರಡು ಬೇರೆ ಬೇರೆ ಕಾಯಿಲೆ. ಹ್ಯಾಂಡಲ್ ಪಟಪಟ ಅನ್ನುವುದು ವಾಬಲ್, ಇಡೀ ಗಾಡಿ ತೂರಾಡುವುದು ವೀವ್. ಡ್ಯಾಂಪರ್ ಮೊದಲನೆಯದನ್ನು ಅಡಗಿಸುತ್ತದೆ, ಎರಡನೆಯದನ್ನು ಹೆಚ್ಚು ಮಾಡಲಿಕ್ಕೂ ಸಾಕು.

60ರ ಆಸುಪಾಸಿನಲ್ಲೇ ಯಾಕೆ ನಡುಗುತ್ತದೆ ಅಂತ ಒಂದು ಲೆಕ್ಕ ಹಾಕಿ. 90/90-21 ಗಾಲಿಯ ಸುತ್ತಳತೆ ಹತ್ತಿರಹತ್ತಿರ 2.2 ಮೀಟರ್. ಗಂಟೆಗೆ 60 ಅಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಗಾಲಿ ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಬೈಕಿನ ಮುಂಭಾಗ ತಾನಾಗಿ ನಡುಗುವ ಲಯ ಸಾಮಾನ್ಯವಾಗಿ ಸೆಕೆಂಡಿಗೆ 6ರಿಂದ 10 ಸಲ. ಟೈರ್ ಒಂದು ಕಡೆ ಸವೆದಿದ್ದರೆ, ಬ್ಯಾಲೆನ್ಸ್ ತಪ್ಪಿದ್ದರೆ, ರಿಮ್ ಡೊಂಕಿದ್ದರೆ ಪ್ರತಿ ಸುತ್ತಿಗೂ ಒಂದು ತಳ್ಳು. ತಳ್ಳು, ಲಯ ಎರಡೂ ಕೂಡಿದ ವೇಗದಲ್ಲಿ ಉಯ್ಯಾಲೆ ಜೋರಾಗುತ್ತದೆ. 90ರಲ್ಲಿ ಗಾಲಿ ಹನ್ನೊಂದು ಸುತ್ತು ದಾಟಿರುತ್ತದೆ, ಆಗ ನಡುಕ ಕಾಣುವುದೇ ಇಲ್ಲ.

ಹಾಗಾಗಿ ಈ ಕ್ರಮದಲ್ಲಿ ನೋಡಿ. ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಎರಡೂ ದಿಕ್ಕಿಗೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತಡೆದರೆ ಟೈರ್ ಏಣಿ ಏಣಿಯಾಗಿ ಸವೆದಿದೆ. ಅದಕ್ಕೆ ಬೇರೆ ರಿಪೇರಿ ಇಲ್ಲ, ಬದಲಿಸಬೇಕು. ಆಮೇಲೆ ಮುಂದಿನ ಗಾಲಿ ಎತ್ತಿ ಫೋರ್ಕಿಗೆ ಒಂದು ಪೆನ್ಸಿಲ್ ಕಟ್ಟಿ, ಮೊನೆ ರಿಮ್ಮಿಗೆ ತಾಗುವಷ್ಟು ಹತ್ತಿರ ಇಟ್ಟು ಗಾಲಿ ತಿರುಗಿಸಿ. ಪಕ್ಕಕ್ಕಾಗಲಿ ಮೇಲೆ ಕೆಳಗಾಗಲಿ 2 ಮಿ.ಮೀ. ಮೀರಿ ಡೊಂಕು ಇರಬಾರದು. ಸ್ಪ್ಯಾನರಿನಲ್ಲಿ ಒಂದೊಂದೇ ಸ್ಪೋಕ್ ತಟ್ಟಿ: ಬಿಗಿ ಇದ್ದದ್ದು ಠಣ್ ಅನ್ನುತ್ತದೆ, ಸಡಿಲ ಇದ್ದದ್ದು ಡಬ್ ಅನ್ನುತ್ತದೆ.

ಈಗ ಮುಖ್ಯದ್ದು, ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಗಾಲಿ ಎತ್ತಿದ ಹಾಗೇ ಎರಡೂ ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಸ್ಟೀರಿಂಗ್ ಹೆಡ್ಡಿನ ಸಂದಿಗೆ ಬೆರಳಿಟ್ಟಿರಲಿ. ಟಕ್ ಅಂದರೆ ಆಟ (ಸಡಿಲ) ಉಂಟು. ಆಟ ಇಲ್ಲದಿದ್ದರೆ ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ನೇರಕ್ಕೆ ಬಂದಾಗ ಸಣ್ಣ ಗುಳಿಯಲ್ಲಿ ಕೂತ ಹಾಗೆ ಆದರೆ ರೇಸಿನಲ್ಲಿ (ಬೇರಿಂಗಿನ ಗುಂಡು ಓಡುವ ಬಳೆ) ಗುಂಡು ಹಳ್ಳ ಮಾಡಿದೆ. ಹೀಗೆ ಹಳ್ಳ ಬಿದ್ದ ಕೋನ್ ಸೆಟ್ ಬಿಗಿ ಮಾಡಿದರೆ ಗಾಡಿ ನೇರ ಹೋಗುವುದೇ ಇಲ್ಲ, ಎಡಕ್ಕೂ ಬಲಕ್ಕೂ ಹುಡುಕಾಡುತ್ತದೆ. ಗ್ಯಾರೇಜಿನಲ್ಲಿ ಹೆಚ್ಚಾಗಿ ಮಾಡುವುದು ಅದನ್ನೇ.

ಬಿಗಿ ಎಷ್ಟು ಅನ್ನಲಿಕ್ಕೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು. ಗ್ರಿಪ್ಪಿನ ತುದಿಗೆ ಸಿಕ್ಕಿಸಿ ಹ್ಯಾಂಡಲಿಗೆ ಲಂಬ ಕೋನದಲ್ಲಿ ಎಳೆಯಿರಿ, ಹ್ಯಾಂಡಲ್ ಅಲುಗಲು ಶುರುವಾದಾಗಿನ ತೂಕ ಓದಿ. ಸುಜುಕಿಯ ಹಲವು ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಇದು 200ರಿಂದ 500 ಗ್ರಾಂ. ನಿಮ್ಮ ಬೈಕಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅಳೆಯುವ ಮುಂಚೆ ಕ್ಲಚ್ ಕೇಬಲ್, ವೈರಿಂಗ್ ಎಲ್ಲೂ ಎಳೆಯದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ತೂಗುವುದು ಕೇಬಲನ್ನು.

ಧಾರವಾಡ_ಸವಾರಿ:

ವಾಬಲ್ ಬಗ್ಗೆ ಮ್ಯಾಲಿನವ್ರು ಹೇಳಿದ್ದು ಖರೆ ಐತ್ರಿ. ನಾ ತೂರಾಟದ್ದು ಹೇಳ್ತೀನಿ, ಯಾಕಂದ್ರ ಇಬ್ರು ಕುಂತು ಲಗೇಜ್ ಹೇರಿದ ಗಾಡಿಗೆ ಅದ ಜಾಸ್ತಿ ಅಪಾಯ.

ಟಾಪ್ ಬಾಕ್ಸ್ ತೂಕ ಎಷ್ಟು ಅಂತ ಬರದೇ ಇಲ್ಲ ನೀವು. ತಕ್ಕಡಿ ಮ್ಯಾಲೆ ಇಟ್ಟು ನೋಡ್ರಿ. ಭಾಳಷ್ಟು ರ್‍ಯಾಕ್ ಮ್ಯಾಲೆ 5 ಇಲ್ಲಾ 7 ಕೆಜಿ ಅಂತ ಬರದಿರ್ತಾರ, ನಾವು ಡಬ್ಬಿದ ತೂಕ ಲೆಕ್ಕಕ್ಕ ಹಿಡಿಯೂದಿಲ್ಲ. ಖಾಲಿ ಡಬ್ಬಿನೇ 4 ಕೆಜಿ ಇದ್ರ ಒಳಗ ಇಡಾಕ ಉಳಿಯೂದು ಎಷ್ಟು? ಹಿಂದಿನ ಆಕ್ಸಲ್ಲಿಗಿಂತ ಹಿಂದ, ಅದೂ ಎತ್ತರದಾಗ ತೂಕ ಇಟ್ರ ಮುಂದಿನ ಗಾಲಿ ಹಗುರ ಆಕ್ಕೈತಿ, ಹಿಂದಿನ ಭಾಗ ಲೋಲಕದಂಗ ಆಡ್ತೈತಿ. ಡಬ್ಬಿ ಪ್ಲೇಟ್ ಮ್ಯಾಲೆ ಲಟಪಟ ಅಂತಿದ್ರ ಮುಗೀತು.

ಮುಂದ ಸ್ಯಾಗ್ ಅಳೀರಿ, ಅಂದ್ರ ಭಾರಕ್ಕ ಹಿಂದಿನ ಸಸ್ಪೆನ್ಷನ್ ಎಷ್ಟು ಕುಸೀತೈತಿ ಅಂತ. ಹಿಂದಿನ ಗಾಲಿ ನೆಲ ಬಿಟ್ಟಾಗ ಆಕ್ಸಲ್ಲಿಂದ ನೇರ ಮ್ಯಾಲಿನ ಒಂದು ಗುರ್ತಿನ ತನಕ ಅಳತಿ ತಗೋರಿ. ಆಮ್ಯಾಲೆ ಇಬ್ರೂ ಕುಂತು, ಲಗೇಜ್ ಹೇರಿ, ಅದನ್ನ ಮತ್ತ ಅಳೀರಿ. 180 ಮಿ.ಮೀ. ಟ್ರಾವೆಲ್‌ಗೆ ಸುಮಾರು ಮೂರನೇ ಒಂದು ಪಾಲು, ಅಂದ್ರ 55ರಿಂದ 60 ಮಿ.ಮೀ. ಕುಸೀಬೇಕು. 80 ಕುಸಿದ್ರ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲ ಅದುಮಿಟ್ಟ ಬಿಗಿ) ಏರಸ್ರಿ. ಪೂರಾ ಏರಿಸಿದ ಮ್ಯಾಲೂ 75 ಅಂದ್ರ ಸ್ಪ್ರಿಂಗೇ ಮೆತ್ತಗ ಐತಿ, ಪ್ರಿಲೋಡ್ ತಿರುವಿ ಉಪಯೋಗಿಲ್ಲ.

ಪ್ಯಾನಿಯರ್ ಎರಡರದ್ದೂ ತೂಕದ ಫರಕ 2 ಕೆಜಿ ಒಳಗ ಇರ್ಲಿ. ಟೂಲ್ಸ್, ಟ್ಯೂಬ್, ನೀರು ತಳಕ್ಕ, ಅದೂ ಮುಂದಿನ ಮೂಲಿಗೆ. ಟಾಪ್ ಬಾಕ್ಸಿನಾಗ ಜಾಕೆಟ್, ಮಳಿ ಅಂಗಿ, ಚುರುಮುರಿ ಪಾಕೀಟು ಇಷ್ಟ. ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿಯೋ ತೋಳು) ಬುಷ್ ಸೈತ ನೋಡ್ರಿ: ಗಾಲಿ ಎತ್ತಿ, ಸ್ವಿಂಗ್ ಆರ್ಮ್ ತುದಿ ಹಿಡದು ಅಡ್ಡ ಅಳ್ಳಾಡಿಸಿದ್ರ ಪಿವಟ್ ಹತ್ರ ಆಟ ಇರಬಾರ್ದು.

ಚೈನ್ ಅಡ್ಜಸ್ಟರ್ ಮ್ಯಾಲಿನ ಗೆರಿ ನಂಬಬ್ಯಾಡ್ರಿ. ಹಿಂದಿನ ಟೈರಿನ ಎರಡೂ ಕಡೆ ತಾಗಿಸಿ ದಾರ ಎಳದು ಮುಂದಿನ ಟೈರ್ ದಾಟಸ್ರಿ. 120 ಮತ್ತು 90ರ ಟೈರಿಗೆ ಮುಂದ ಎರಡೂ ಕಡೆ ಸುಮಾರು 15-15 ಮಿ.ಮೀ. ಸಂದಿ ಉಳೀಬೇಕು. ಒಂದು ಕಡೆ 20, ಇನ್ನೊಂದು ಕಡೆ 10 ಬಂದ್ರ ಹಿಂದಿನ ಗಾಲಿ ಓರೆ ಕುಂತೈತಿ.

ರೋಟರಿ_ರಾಯ:

ಎಲ್ಲರೂ ಡ್ಯಾಂಪರನ್ನು ಶೋಕಿ ಸಾಮಾನು ಅನ್ನೋ ಥರ ಮಾತಾಡ್ತಿದ್ದೀರಿ. 2013ರ ನೀರು ತಂಪಿನ ಬಿಎಂಡಬ್ಲ್ಯೂ ಆರ್ 1200 ಜಿಎಸ್‌ಗೆ ಮೊದಲು ಡ್ಯಾಂಪರ್ ಇರಲಿಲ್ಲ, 2014ರ ಮಾದರಿಯಿಂದ ಕಂಪನಿಯೇ ಹಾಕಿ ಕೊಟ್ಟಿತು. 1997ರ ಸುಜುಕಿ ಟಿಎಲ್1000ಎಸ್‌ಗೆ ಗಾಡಿಗಳನ್ನು ವಾಪಸ್ ಕರೆಸಿ ಹಾಕಬೇಕಾಯ್ತು. ಹಯಬೂಸಾಗೆ ಫ್ಯಾಕ್ಟರಿಯಿಂದಲೇ ಬರುತ್ತೆ. ಅಂದರೆ ಶಕ್ತಿ ಹೆಚ್ಚಿರೋ, ಥ್ರಾಟಲ್ ಕೊಟ್ಟಾಗ ಮುಂದಿನ ಗಾಲಿ ಹಗುರಾಗೋ ಬೈಕಿಗೆ ಅದರ ಕೆಲಸ ಇದ್ದೇ ಇದೆ.

ಆದರೆ 400 ಸಿಸಿ ಸಿಂಗಲ್‌ಗೆ ಡಾಂಬರು ರಸ್ತೆಯಲ್ಲಿ ಅದರ ಅಗತ್ಯ ಬರಬಾರದು, ಇದನ್ನು ಒಪ್ತೀನಿ. ನಿಮಗೆ ಅದು ನಿಜವಾಗಿ ಸಹಾಯ ಮಾಡೋದು ಸ್ಪಿತಿಯ ಕಲ್ಲುದಾರಿಯಲ್ಲಿ. ಗುಂಡುಕಲ್ಲಿಗೆ ಗಾಲಿ ಬಡಿದು ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುತ್ತಲ್ಲ, ಆ ಪೆಟ್ಟನ್ನು ಹೀರುತ್ತೆ. ದಿನಕ್ಕೆ ಎಂಟು ಗಂಟೆ ಓಡಿಸೋರ ಮುಂಗೈಗೆ ವ್ಯತ್ಯಾಸ ಗೊತ್ತಾಗುತ್ತೆ.

ಹಾಕೋದಾದರೆ ರೋಟರಿ (ಹ್ಯಾಂಡಲ್ ತಿರುಗೋ ನಡುವಲ್ಲೇ ಕೂರೋ ಡ್ಯಾಂಪರ್) ಹಾಕಿ. ಉದ್ದ ಕಡ್ಡಿಯ ಲೀನಿಯರ್ ಡ್ಯಾಂಪರ್ ಸ್ಪೋರ್ಟ್ಸ್ ಬೈಕಿನ ಸಣ್ಣ ಲಾಕ್‌ಗೆ ಮಾಡಿದ್ದು. ಅಡ್ವೆಂಚರ್ ಬೈಕಿನ ಹ್ಯಾಂಡಲ್ ಅದಕ್ಕಿಂತ ಬಹಳ ತಿರುಗುತ್ತೆ. ಸ್ಟ್ರೋಕ್ ಸಾಲದಿದ್ದರೆ ಫ್ರೇಮಿನ ಸ್ಟಾಪರ್ ತಾಗೋ ಮೊದಲೇ ಡ್ಯಾಂಪರ್ ಕಡ್ಡಿ ಕೊನೆ ಮುಟ್ಟುತ್ತೆ, ಯೂ ಟರ್ನ್ ಮಧ್ಯೆ ಹ್ಯಾಂಡಲ್ ನಿಂತುಬಿಡುತ್ತೆ, ಬಿದ್ದರೆ ಬ್ರ್ಯಾಕೆಟ್ ಮುರಿಯುತ್ತೆ. ಲೀನಿಯರ್ ಹಾಕಲೇಬೇಕಾದರೆ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕಡ್ಡಿಯಲ್ಲಿ ಕನಿಷ್ಠ 3ರಿಂದ 5 ಮಿ.ಮೀ. ಉಳಿದಿರಲಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಹೆಸರಿಲ್ಲದ್ದನ್ನು ಕೊಳ್ಳೋ ಮೊದಲು ಕೈಯಲ್ಲಿ ಎಳೆದು ನೋಡಿ: ನಿಧಾನಕ್ಕೆ ಎಳೆದರೆ ಸಲೀಸು, ಜೋರಾಗಿ ಎಳೆದರೆ ತಡೆ. ದಿಕ್ಕು ಬದಲಿಸುವಾಗ ಒಂದು ಕ್ಷಣ ಪೊಳ್ಳು ಅನಿಸಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ. ನಡುಕ ಹುಟ್ಟೋದೇ ಆ ಸಣ್ಣ ಅಂತರದಲ್ಲಿ, ಅಲ್ಲಿ ತಡೆ ಇಲ್ಲದ ಡ್ಯಾಂಪರ್ ಬರೀ ಅಲಂಕಾರ.

ರೋಟರಿಯಲ್ಲಿ ಮಧ್ಯದಿಂದ ಆಚೆ ಹೋಗುವಾಗ ಮಾತ್ರ ತಡೆದು, ವಾಪಸ್ ಬರುವಾಗ ಬಿಡುವಂಥದ್ದು ಸಿಗುತ್ತೆ, ಟೂರಿಂಗಿಗೆ ಅದೇ ವಾಸಿ. ಹ್ಯಾಂಡಲ್ ಕೆಳಗೆ ಕೂರಿಸಿದರೆ ಹ್ಯಾಂಡಲ್ ಸ್ವಲ್ಪ ಎತ್ತರ ಆಗುತ್ತೆ, ಆಗ ಕ್ಲಚ್ ಕೇಬಲ್, ಬ್ರೇಕ್ ಹೋಸ್ ಉದ್ದ ಸಾಲುತ್ತಾ ನೋಡಿ. ಪೂರ್ತಿ ಸಡಿಲದಿಂದ ಶುರು ಮಾಡಿ ಎರಡೆರಡೇ ಕ್ಲಿಕ್ ಏರಿಸಿ. ನಡೆಯುವ ವೇಗದಲ್ಲಿ ಬೈಕ್ ನೇರ ನಿಲ್ಲದೆ ಎಡಬಲ ಜೋಲಿ ಹೊಡೆದರೆ ಹೆಚ್ಚಾಯ್ತು ಅಂತ ಅರ್ಥ, ಎರಡು ಕ್ಲಿಕ್ ಹಿಂದೆ ಬನ್ನಿ. ಸ್ಪಿತಿಯ ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ, ಬೆಂಗಳೂರಲ್ಲಿ ಸರಿ ಇದ್ದ ಸೆಟ್ಟಿಂಗ್ ಅಲ್ಲಿ ಬಿಗಿ ಅನಿಸುತ್ತೆ.

ಹಳೇ_ಜಾವಾ:

ಸ್ಟೀರಿಂಗ್ ಡ್ಯಾಂಪರ್ ಈಗ ಬಂದದ್ದೇನಲ್ಲ. ಮೈಸೂರಿನ ಐಡಿಯಲ್ ಜಾವಾದಲ್ಲಿ ಆಗುತ್ತಿದ್ದ ಗಾಡಿಗಳ ಹ್ಯಾಂಡಲ್ ನಡುವೆ ಒಂದು ತಿರುಪು ನಾಬ್ ಇರುತ್ತಿತ್ತಲ್ಲ, ಅದು ಅದೇ. ಆದರೆ ಅದು ಎಣ್ಣೆಯದಲ್ಲ, ಬರೀ ಫ್ರಿಕ್ಷನ್ ವಾಷರ್. ಬಿಗಿ ಮಾಡಿದರೆ ನಿಧಾನ ತಿರುವಿಗೂ ಅಷ್ಟೇ ತಡೆ, ಜೋರು ನಡುಕಕ್ಕೂ ಅಷ್ಟೇ ತಡೆ. ಸೈಡ್‌ಕಾರ್ ಕಟ್ಟಿದವರಿಗೆ ಅದು ಬೇಕಿತ್ತು, ಬರೀ ಗಾಡಿಯವರು ಸಡಿಲ ಬಿಡುತ್ತಿದ್ದರು. ಈಗ ಕೋನ್ ಸೆಟ್ ಅತಿ ಬಿಗಿ ಮಾಡಿ ನಡುಕ ನಿಂತಿತು ಅನ್ನುವವರು ಮಾಡುತ್ತಿರುವುದೂ ಇದನ್ನೇ, ಬೇರಿಂಗ್ ಹಾಳು ಮಾಡಿಕೊಂಡು.

ಅಲೆಮಾರಿ_17:

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ಮುಂದಿನ ಟೈರ್ ಗರಗಸ ಆಗಿದೆ. ರಿಮ್ ಡೊಂಕು 1 ಮಿ.ಮೀ. ಒಳಗೆ. ಕೋನ್ ಸೆಟ್ಟಿಗೆ ಆಟ ಇಲ್ಲ, ಆದರೆ ನಡುವೆ ಗುಳಿ ಸ್ಪಷ್ಟ ಗೊತ್ತಾಗುತ್ತೆ. ಟಾಪ್ ಬಾಕ್ಸ್ ತುಂಬಿದಾಗ 11 ಕೆಜಿ, ರ್‍ಯಾಕ್ ಮೇಲೆ 5 ಅಂತ ಬರೆದಿದೆ, ನಾಚಿಕೆ ಆಯ್ತು. ಸ್ಯಾಗ್ 78, ಪ್ರಿಲೋಡ್ ಇನ್ನೂ ಮೂರು ಹಂತ ಬಾಕಿ ಇದೆ. ಕೋನ್ ಸೆಟ್ ಬದಲಿಸುವಾಗ ಮೆಕ್ಯಾನಿಕ್ ಪಕ್ಕ ನಿಂತು ಏನೇನು ನೋಡಬೇಕು?

ಕೋನ್‌ಸೆಟ್_ಕುಡ್ಲ:

ಹಾಗಾದರೆ ಡ್ಯಾಂಪರಿನ ದುಡ್ಡು ಟೈರಿಗೆ ಇಡಿ.

ಸಿಗುವುದಾದರೆ ಟೇಪರ್ ರೋಲರ್ (ಗುಂಡಿನ ಬದಲು ಓರೆ ಉರುಳೆ ಇರುವ ಬೇರಿಂಗ್) ಹಾಕಿಸಿ, ಗುಂಡಿನ ಕೋನ್ ಸೆಟ್ಟಿನಷ್ಟು ಬೇಗ ಹಳ್ಳ ಬೀಳುವುದಿಲ್ಲ. ರೇಸನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಫ್ರೇಮಿನ ಒಳಗೆ ಸಲೀಸಾಗಿ ಇಳಿಯುತ್ತದೆ. ಹಳೇ ರೇಸನ್ನು ಮೇಲಿಟ್ಟು ಬಡಿಯಲಿ, ಉಳಿ ಇಟ್ಟು ಒಂದೇ ಕಡೆ ಬಡಿಯಲಿಕ್ಕೆ ಬಿಡಬೇಡಿ. ಕೊನೇವರೆಗೆ ಕೂತಾಗ ಬಡಿಯುವ ಶಬ್ದ ಗಟ್ಟಿಯಾಗಿ ಬದಲಾಗುತ್ತದೆ. ಗ್ರೀಸ್ ರೋಲರಿನ ಒಳಗೆ ತುಂಬಬೇಕು, ಮೇಲೆ ಸವರಿದರೆ ಆಗುವುದಿಲ್ಲ. ನಟ್ ಒಮ್ಮೆ ಜಾಸ್ತಿ ಬಿಗಿ ಮಾಡಿ, ಹ್ಯಾಂಡಲ್ ಐದಾರು ಸಲ ತುದಿಯಿಂದ ತುದಿಗೆ ತಿರುಗಿಸಿ, ಸಡಿಲಿಸಿ, ಆಮೇಲೆ ಮ್ಯಾನ್ಯುಯಲ್ ಟಾರ್ಕಿಗೆ ತರಬೇಕು. ಮೇಲಿನ ಟಿ ಪ್ಲೇಟ್ (ಫೋರ್ಕಿನ ತಲೆ ಹಿಡಿಯುವ ಪ್ಲೇಟ್) ಬಿಗಿ ಮಾಡಿದಾಗ ಬೇರಿಂಗಿನ ಬಿಗಿ ಮತ್ತೆ ಬದಲಾಗುತ್ತದೆ, ಹಾಗಾಗಿ ತಕ್ಕಡಿ ಹಾಕಿ ನೋಡುವುದು ಎಲ್ಲ ಬೋಲ್ಟ್ ಹಾಕಿದ ಮೇಲೆ.

ಮುಂದಿನ ಆಕ್ಸಲ್ ಬಿಗಿ ಮಾಡಿ, ಪಿಂಚ್ ಬೋಲ್ಟ್ (ಫೋರ್ಕಿನ ಬುಡದಲ್ಲಿ ಆಕ್ಸಲನ್ನು ಅದುಮಿ ಹಿಡಿಯುವ ಬೋಲ್ಟ್) ಬಿಗಿ ಮಾಡುವ ಮೊದಲು ಫೋರ್ಕನ್ನು ನಾಲ್ಕೈದು ಸಲ ಒತ್ತಿ ಬಿಡಿ, ಎರಡೂ ಕಾಲು ತಮ್ಮ ಜಾಗಕ್ಕೆ ಬರಲಿ. 500 ಕಿ.ಮೀ. ಆದ ಮೇಲೆ ಆಟ ಬಂತಾ ಅಂತ ಮತ್ತೊಮ್ಮೆ ನೋಡಲೇಬೇಕು, ಹೊಸ ರೇಸ್ ಸ್ವಲ್ಪ ಕೂರುತ್ತದೆ. ಸ್ಪಿತಿಗೆ ಹೊರಡುವ ಮೊದಲೇ ಆ 500 ಮುಗಿಸಿ.

ಅಷ್ಟರವರೆಗೆ ನಡುಕ ಬಂದರೆ ಹ್ಯಾಂಡಲ್ ಗಟ್ಟಿ ಹಿಡಿದು ಸೆಣಸಬೇಡಿ, ಮುಂದಿನ ಬ್ರೇಕ್ ಜಗ್ಗಬೇಡಿ. ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿದು, ಮೈ ಸ್ವಲ್ಪ ಮುಂದೆ ಬಾಗಿಸಿ, ಥ್ರಾಟಲ್ ಮೆಲ್ಲ ಇಳಿಸಿ. ಹಿಂದೆ ಕೂತವರಿಗೂ ಅಲುಗಾಡದೆ ಕೂರಲಿಕ್ಕೆ ಮೊದಲೇ ಹೇಳಿ ಇಡಿ.