ಅರಿಯಾಡ್ನೆಯ ದಾರ ಬೆಳ್ಳಗೆ ಮೂಡುತ್ತಿಲ್ಲ, ಏನು ಮಾಡಲಿ?

ತಗಡುಗೀರು:
ತಗಡು ಕೊರೆದು ಅಚ್ಚು ತೆಗೆಯುವ ಚಿತ್ರ ಮಾಡುತ್ತಿದ್ದೇನೆ, ಗ್ರೀಕ್ ಪುರಾಣದ್ದು. ಕ್ರೀಟ್‌ನ ಲ್ಯಾಬಿರಿಂತ್ (ದಾರಿ ತಪ್ಪಿಸುವ ಚಕ್ರವ್ಯೂಹ) ಒಳಗೆ ಥೀಸಿಯಸ್ ಹೋಗುತ್ತಿದ್ದಾನೆ, ಕೈಯಲ್ಲಿ ವಾಪಸು ಬರುವ ದಾರಿ ತಪ್ಪದಿರಲಿ ಅಂತ ಅರಿಯಾಡ್ನೆ ಕೊಟ್ಟ ದಾರದುಂಡೆ. ಸುತ್ತ ಕಗ್ಗತ್ತಲು, ದಾರ ಮಾತ್ರ ಬಿಳಿ. ತಲೆಯಲ್ಲಿ ಚೆನ್ನಾಗಿಯೇ ಇದೆ.

ತಾಮ್ರದ ತಗಡು. ರಾಳದ ಪುಡಿ ಉದುರಿಸಿ ಕಾಯಿಸಿ, ಅದರ ಮೇಲೆ ದಾರವನ್ನು ವಾರ್ನಿಶ್‌ನಲ್ಲಿ ಬರೆದು ಮುಚ್ಚಿದೆ. ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ 40 ನಿಮಿಷ. ಕಪ್ಪು ಬರಲೇ ಇಲ್ಲ, ಬೂದಿ ಬಳಿದ ಗೋಡೆ ಥರ ಬಂತು. ದಾರ ನೋಡಿ ಮಗಳು "ಯಾಕಪ್ಪಾ ರಂಗೋಲಿ ಹಾಕಿದ್ದೀಯಾ?" ಅಂದಳು. ಪಿಕಾಸೊನ ಅಚ್ಚುಚಿತ್ರ ಇದೆಯಲ್ಲ, ಕುರುಡು ಮಿನೋಟಾರ್ (ಲ್ಯಾಬಿರಿಂತ್‌ನಲ್ಲಿದ್ದ ಗೂಳಿತಲೆಯ ಮನುಷ್ಯ), ಅದರಲ್ಲಿ ಆ ರಾತ್ರಿ ಹೇಗೆ ಬಂತು, ಯಾರಾದರೂ ಹೇಳಿ.

ಹಳೇಪ್ರೆಸ್ಸು:
40 ನಿಮಿಷ ಜಾಸ್ತಿಯಾಯಿತು. ದ್ರಾವಣ ರಾಳದ ಕಣಗಳ ಬುಡವನ್ನೇ ಕೊರೆದಿದೆ. ಕಣ ಕಿತ್ತು ಹೋದರೆ ಶಾಯಿ ನಿಲ್ಲಬೇಕಾದ ತಗ್ಗು ಅಗಲವಾಗಿ, ಒರೆಸುವಾಗ ಶಾಯಿಯೂ ಎದ್ದು ಬರುತ್ತದೆ. ರಾಳ ಸುಮಾರು ಅರ್ಧ ಜಾಗ ಮುಚ್ಚಿರಬೇಕು. ಒಂದು ತುಂಡು ತಗಡಿನಲ್ಲಿ ಐದೈದು ನಿಮಿಷಕ್ಕೆ ಒಂದೊಂದು ಪಟ್ಟಿ ಮುಚ್ಚುತ್ತಾ ಹೋಗಿ, ಯಾವುದು ಕಪ್ಪೋ ನೋಡಿ. ಫೆರಿಕ್‌ನಲ್ಲಿ ಗಸಿ ಕೂರುತ್ತದೆ, ತಗಡನ್ನು ಮುಖ ಕೆಳಗೆ ಮಾಡಿ ಇಡಿ. ರಾಳ ಉದುರಿಸುವಾಗ ಮಾಸ್ಕ್ ಇರಲಿ.

ಪಿಕಾಸೊನದು 1934-35ರ ಕೆಲಸ, ವೊಲಾರ್ ಸೂಟ್ ಎಂಬ ಅವನ ಅಚ್ಚುಚಿತ್ರ ಮಾಲೆಯ 100 ಚಿತ್ರಗಳಲ್ಲಿ ಒಂದು. ಅಲ್ಲಿ ಅಕ್ವಾಟಿಂಟ್‌ನಿಂದ (ನೀವು ಮಾಡಿದ ರಾಳದ ಕೆಲಸವೇ) ಮೊದಲು ಕತ್ತಲು ಮಾಡಿಕೊಂಡು, ಆಮೇಲೆ ಸ್ಕ್ರೇಪರ್‌ನಲ್ಲಿ ಕೆರೆದು ಬೆಳಕು ತೆಗೆದಿದ್ದಾನೆ, ಕಪ್ಪಿನಿಂದ ಬಿಳಿಗೆ ಹೋಗುವ ಮೆಜೋಟಿಂಟ್ ವಿಧಾನದ ಥರ. ಅದಕ್ಕೇ ಆ ಚಿತ್ರದಲ್ಲಿ ಪಾರಿವಾಳ ಹಿಡಿದ ಹುಡುಗಿ ಕತ್ತಲೊಳಗಿಂದಲೇ ಹೊಳೆಯುತ್ತಾಳೆ. ನಿಮ್ಮ ದಾರ ಮೇಲೆ ಅಂಟಿಸಿದ ಹಾಗಿದೆ, ಅಷ್ಟೇ ವ್ಯತ್ಯಾಸ. (ಅಂದ ಹಾಗೆ, ಪುರಾಣದ ಮಿನೋಟಾರ್ ಕುರುಡನಲ್ಲ. ಅದು ಪಿಕಾಸೊ ಸೇರಿಸಿದ್ದು.)

ನೂಲುನಾರು:
ದಾರ ಬರೆಯುವುದು ಯಾಕೆ? ದಾರವನ್ನೇ ಇಡಿ! ಶಾಯಿ ಹಚ್ಚಿ ಒರೆಸಿದ ತಗಡಿನ ಮೇಲೆ ಹೊಲಿಗೆ ದಾರ ಹಾಸಿ, ಒದ್ದೆ ಕಾಗದ ಹಾಕಿ ಪ್ರೆಸ್ಸಿಗೆ ಕೊಡಿ. ದಾರ ಇದ್ದಲ್ಲಿ ಶಾಯಿ ಕಾಗದಕ್ಕೆ ತಾಗುವುದಿಲ್ಲ. ಬಿಳಿ ಗೆರೆ ಬರುತ್ತದೆ, ಜೊತೆಗೆ ಕಾಗದ ಅಲ್ಲಿ ತಗ್ಗಾಗಿರುತ್ತದೆ. ದಪ್ಪ ದಾರ ಬೇಡ, ಕಾಗದ ಹರಿಯುತ್ತದೆ. ಎರಡು ಅಚ್ಚು ಒಂದೇ ಥರ ಮಾತ್ರ ಬರಲ್ಲ.

ತಗಡುಗೀರು:
ಹೊಸ ತಗಡು, 20 ನಿಮಿಷಕ್ಕೆ ಗಟ್ಟಿ ಕಪ್ಪು ಬಂತು. ದಾರ ಇಡೋಣ ಅಂದರೆ ಮನೆಯಲ್ಲಿ ರೀಲು ಖಾಲಿ. ದೇವರ ಮನೆಯಲ್ಲಿ ಹೂವು ಕಟ್ಟಿದ್ದ ಬಾಳೆನಾರು ಸಿಕ್ಕಿತು. ಸೀಳಿ ಇಟ್ಟೆ. ನಾರು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿ ಕೂದಲೆಳೆ. ಬಾಗಿಲ ಹತ್ತಿರ ಬಿಳುಪು ಜೋರಾಗಿದೆ, ಒಳಗೆ ಹೋದ ಹಾಗೆ ಸಣ್ಣಗಾಗಿ ಕತ್ತಲಲ್ಲಿ ಕಳೆದೇ ಹೋಗಿದೆ. ಇದನ್ನು ನಾನು ಬರೆದಿದ್ದರೆ ಬರುತ್ತಿರಲಿಲ್ಲ.

ಥೀಸಿಯಸ್‌ನ ಕೈಗಳನ್ನು ಸ್ಕ್ರೇಪರ್‌ನಲ್ಲಿ ಕೆರೆದೆ. ಹೆಬ್ಬೆರಳು ಜಾಸ್ತಿ ಕೆರೆದು ಇಡ್ಲಿ ಥರ ಆಗಿದೆ. ಎರಡನೇ ಅಚ್ಚಿಗೆ ನಾರು ಸಾಲದು, ಹೂವಿನವಳು ಬರುವುದು ನಾಳೆ.