ಮೊಣಕಾಲು ನೋವಿರುವ ತಾಯಿಯೊಂದಿಗೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ: ಎರಡು ದಿನದಲ್ಲಿ ಏನು ನೋಡಬಹುದು?

ಪ್ರಶ್ನೆ

ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಎರಡು ರಾತ್ರಿ ತಂಗುವವರಿದ್ದೇವೆ. ಜೊತೆಯಲ್ಲಿ ಎಪ್ಪತ್ತು ದಾಟಿದ ತಾಯಿಯವರೂ ಹನ್ನೆರಡು ವರ್ಷದ ಮಗನೂ ಇರುತ್ತಾರೆ. ತಾಯಿಯವರಿಗೆ ಹತ್ತಿಪ್ಪತ್ತು ಮೆಟ್ಟಿಲು ಹತ್ತುವುದೂ ಕಷ್ಟ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಕೆಮ್ಮಣ್ಣುಗುಂಡಿ, ಹೆಬ್ಬೆ, ಕಲ್ಲತ್ತಿಗಿರಿ, ಅಯ್ಯನಕೆರೆ ಎಂದು ಮಗ ಬರೆದಿಟ್ಟ ಪಟ್ಟಿ ಬೆಳೆಯುತ್ತಲೇ ಇದೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ದಿನಕ್ಕೊಂದೇ ದಿಕ್ಕು ಎಂದು ಮೊದಲು ನಿಶ್ಚಯಿಸಿಕೊಳ್ಳಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳು ಒಂದು ಕಡೆಯಾದರೆ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಗಳು ಇನ್ನೊಂದು ಕಡೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ನಿಮಗೆ ಕಾಣುವುದು ಬೆಟ್ಟವಲ್ಲ, ರಸ್ತೆಯ ತಿರುವುಗಳು.

ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದು ಕರ್ನಾಟಕದ ಅತ್ಯುನ್ನತ ಶಿಖರವಾಗಿದೆ. ಆದರೆ ವಾಹನ ನಿಲ್ಲುವ ಜಾಗದಿಂದ ಮುಳ್ಳಪ್ಪಸ್ವಾಮಿಯ ಗದ್ದುಗೆಯಿರುವ ನೆತ್ತಿಯವರೆಗೆ ನೂರಾರು ಮೆಟ್ಟಿಲುಗಳಿವೆ. ತಾಯಿಯವರಿಗೆ ಅದು ಆಗದ ಮಾತು. ಅದೇ ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯಲ್ಲಿ ದೇವಸ್ಥಾನದ ಸಮೀಪದವರೆಗೆ ವಾಹನ ಹೋಗುವುದರಿಂದ, ಅವರು ಅಲ್ಲಿ ಕುಳಿತು ಕಣಿವೆಯನ್ನು ನೋಡುತ್ತಿರಲಿ, ಜೊತೆಗೊಬ್ಬರು ಉಳಿಯಲಿ, ಉಳಿದವರು ಮಗನನ್ನು ಶಿಖರಕ್ಕೆ ಕರೆದೊಯ್ಯಿರಿ. ಮಾಣಿಕ್ಯಧಾರಾ ಜಲಪಾತದಲ್ಲಿಯೂ ಇಳಿದು ಹತ್ತಬೇಕು, ಬಿಟ್ಟುಬಿಡಿ. ಗಿರಿ ಭಾಗಕ್ಕೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತವು ಮುಂಗಡ ನೋಂದಣಿಯ ವ್ಯವಸ್ಥೆ ಮಾಡಿದೆ. ಹೊರಡುವ ಮೊದಲು ಅದನ್ನು ಮುಗಿಸಿಕೊಳ್ಳದಿದ್ದರೆ ಕೈಮರದ ತಪಾಸಣಾ ಠಾಣೆಯಿಂದಲೇ ಹಿಂದಿರುಗಬೇಕಾದೀತು.

ಉತ್ತರ 2

ಮೇಲಿನ ಮಾತಿಗೆ ನನ್ನ ಸಹಮತವಿದೆ. ಹೆಬ್ಬೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಧುಮುಕುವ ಆ ಜಲಪಾತ ನಿಜಕ್ಕೂ ಸೊಗಸು. ಆದರೆ ಅಲ್ಲಿಗೆ ಜೀಪಿನಲ್ಲಿ ಕುಲುಕಾಡುತ್ತ ಸಾಗಿ, ಬಳಿಕ ಕಾಡಿನಲ್ಲಿ ನಡೆಯಬೇಕು. ಕಳೆದ ಸಲ ನಾನು ಕಾಲಿಗೆ ಹತ್ತಿದ ಇಂಬಳಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆ. ಅದರ ಬದಲು ಕಲ್ಲತ್ತಿಗಿರಿಗೆ ಹೋಗಿ. ವೀರಭದ್ರ ದೇವಸ್ಥಾನದ ಪಕ್ಕದಲ್ಲೇ ನೀರು ಬೀಳುವುದರಿಂದ ತಾಯಿಯವರಿಗೆ ದೇವರ ದರ್ಶನವೂ ಜಲಪಾತವೂ ಒಟ್ಟಿಗೇ ಆಗುತ್ತವೆ.

ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಹೂತೋಟವಿದೆ. ಇದು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಹಾರಧಾಮವಾಗಿತ್ತೆಂಬುದನ್ನು ಎಲ್ಲರೂ ಹೇಳುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಇಲ್ಲಿಂದಲೇ ಎಂಬುದನ್ನು ಮಗನಿಗೆ ಹೇಳಿ, ಊರಿನ ಹೆಸರಿನಲ್ಲಿರುವ ಕೆಮ್ಮಣ್ಣನ್ನು ತೋರಿಸಿ.

ಉತ್ತರ 3

ಅಯ್ಯನಕೆರೆಯನ್ನು ಪಟ್ಟಿಯಿಂದ ತೆಗೆಯಬೇಡಿ, ಹಿಂದಿರುಗುವ ದಿನಕ್ಕೆ ಇಟ್ಟುಕೊಳ್ಳಿ. ಕಡೂರು, ಅರಸೀಕೆರೆ, ತುಮಕೂರಿನ ಮೇಲೆ ಬೆಂಗಳೂರಿಗೆ ಹೋಗುವುದಾದರೆ ಸಖರಾಯಪಟ್ಟಣದ ಬಳಿ ಸ್ವಲ್ಪ ಒಳಗೆ ತಿರುಗಿದರೆ ಸಾಕು. ಮೆಟ್ಟಿಲಿನ ಕಾಟವಿಲ್ಲ, ಏರಿಯ ಮೇಲೆ ನಿಂತರೆ ಹಿಂದಿನ ದಿನ ಸುತ್ತಿದ ಗಿರಿಶ್ರೇಣಿಯೇ ಎದುರಿಗಿರುತ್ತದೆ.

ಗಿರಿಯ ಮೇಲೆ ಮಗನಿಗೆ ಇನ್ನೊಂದು ವಿಷಯವನ್ನೂ ವಿವರಿಸಿ. ಬೋಳಾಗಿ ಕಾಣುವ ಆ ಹುಲ್ಲುಗಾವಲು ಮತ್ತು ಕಣಿವೆಯ ಮಡಿಕೆಗಳಲ್ಲಿ ಅಡಗಿರುವ, ಶೋಲಾ ಎಂದು ಕರೆಯುವ ಕುಳ್ಳ ಮರಗಳ ಕಾಡು ಮಳೆನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವುದರಿಂದಲೇ ವೇದಾ, ಅವತಿ ಎಂಬ ಹಳ್ಳಗಳು ಹರಿಯುತ್ತವೆ. ವೇದಾ ಅಯ್ಯನಕೆರೆಯನ್ನು ತುಂಬಿಸುತ್ತದೆ. ಮುಂದೆ ಎರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಆದ್ದರಿಂದ ಫೋಟೊಕ್ಕಾಗಿ ದಾರಿ ಬಿಟ್ಟು ಹುಲ್ಲಿನ ಮೇಲೆ ಕಾರು ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೊದಲ ದಿನ ಸೀತಾಳಯ್ಯನಗಿರಿ ಮತ್ತು ಮುಳ್ಳಯ್ಯನಗಿರಿ, ಎರಡನೆಯ ದಿನ ಕೆಮ್ಮಣ್ಣುಗುಂಡಿ ಮತ್ತು ಕಲ್ಲತ್ತಿಗಿರಿ, ಮರಳುವಾಗ ಅಯ್ಯನಕೆರೆ ಎಂದು ತೀರ್ಮಾನಿಸಿದ್ದೇವೆ. ಹೆಬ್ಬೆ ಕೈತಪ್ಪಿತೆಂದು ಮಗನಿಗೆ ಬೇಸರವಾಗಿತ್ತು. ಇಂಬಳದ ಸಂಗತಿ ಓದಿ ಹೇಳಿದ ಮೇಲೆ ಅವನಾಗಿಯೇ ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿದ.